ಸೋಮವಾರದ ಸತ್ಯವೇದ: ಉಮರ್ಗಾ, ನಿಲಂಗಾ, ಉದಗೀರ ಗಡಿಯಲ್ಲಿ ನಂಬಿಕೆ ಮತ್ತು ನಡೆ

ವಿಕಾರಾಬಾದಿನಿಂದ ಪರಳಿಯ ಕಡೆಗೆ ಹೊರಟ ರೈಲು ಜಹೀರಾಬಾದ್, ಬೀದರ್, ಭಾಲ್ಕಿ ದಾಟಿ ಉದಗೀರಕ್ಕೆ ಬರುವಷ್ಟರಲ್ಲಿ ಡಬ್ಬಿಯೊಳಗಿನ ಮಾತು ತೆಲುಗಿನಿಂದ ಕನ್ನಡಕ್ಕೆ, ಕನ್ನಡದಿಂದ ಮರಾಠಿಗೆ ಹೊರಳಿರುತ್ತದೆ. ಈ ದಾರಿಯ ಎರಡೂ ಬದಿಯ ಊರುಗಳಲ್ಲಿ ಸಣ್ಣ ಸಣ್ಣ ಕ್ರೈಸ್ತ ಸಭೆಗಳಿವೆ. ಹೆಚ್ಚಿನವರು ಕೂಲಿಕಾರರು, ಸಣ್ಣ ಹಿಡುವಳಿದಾರರು, ಶಾಲಾ ಮಾಸ್ತರರು, ದಾದಿಯರು. ಭಾನುವಾರ ವಾಕ್ಯ ಕೇಳುತ್ತಾರೆ, ಹಾಡುತ್ತಾರೆ, ಸಾಕ್ಷಿ ಹೇಳುತ್ತಾರೆ. ಸೋಮವಾರ ಬೆಳಗಾದರೆ ಹೊಲ, ಸಂತೆ, ಸಾಲ, ನೀರಿನ ಸರದಿ. ಕೇಳಿದ ವಾಕ್ಯ ಆ ಸೋಮವಾರ ಏನಾಗುತ್ತದೆ? ಈ ಲೇಖನ ಆ ಒಂದು ಪ್ರಶ್ನೆಯನ್ನು ಹೊಲದಿಂದ ಆಸ್ಪತ್ರೆಯವರೆಗೆ ಹಿಂಬಾಲಿಸುತ್ತದೆ.

ಪ್ರಶ್ನೆ ಹಳೆಯದು, ಮತ್ತು ಈ ನೆಲಕ್ಕೆ ಹೊಸದೇನಲ್ಲ. ಉಮರ್ಗಾದಿಂದ ಹೈದರಾಬಾದ್ ಹೆದ್ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಬಸವಕಲ್ಯಾಣದ ತಿರುವು ಸಿಗುತ್ತದೆ. ನುಡಿದಂತೆ ನಡೆಯಬೇಕು, ದುಡಿಮೆಯೇ ಪೂಜೆಯಾಗಬೇಕು ಎಂದು ಹನ್ನೆರಡನೆಯ ಶತಮಾನದಲ್ಲಿ ಶರಣರು ಪಟ್ಟು ಹಿಡಿದ ಊರು ಅದು. ಕಾಯಕ, ದಾಸೋಹ ಎಂಬ ಮಾತುಗಳು ಇಲ್ಲಿನ ಕ್ರೈಸ್ತ ಮನೆಗಳಿಗೂ ಪರಕೀಯವಲ್ಲ. ಹೀಗಾಗಿ ಈ ಸೀಮೆಯಲ್ಲಿ ಯಾವ ಧರ್ಮದವರೇ ಆಗಲಿ, ಜನ ಅವರನ್ನು ಅಳೆಯುವುದು ನಡೆಯಿಂದಲೇ.

ಗಡಿ ಹಂಚಿದ ಮನೆ, ಮನೆಯೊಳಗಿನ ಪುಸ್ತಕ

1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ ತಾಲ್ಲೂಕುಗಳು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. ರಾಜ್ಯಗಳ ಮರುವಿಂಗಡಣೆಯಲ್ಲಿ ಬೀದರ್, ಭಾಲ್ಕಿ, ಹುಮನಾಬಾದ್ ಮೈಸೂರಿಗೆ ಬಂದವು. ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೆ, ಅಲ್ಲಿಂದ 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. 1982ರ ಆಗಸ್ಟ್ 16ರಂದು ಲಾತೂರ್ ಜಿಲ್ಲೆ ಹುಟ್ಟಿದಾಗ ಅವೆರಡೂ ಅದರ ಪಾಲಾದವು. ನಕ್ಷೆ ಬದಲಾಯಿತು, ಬೀಗತನ ಬದಲಾಗಲಿಲ್ಲ. ಹೆಣ್ಣು ಕೊಟ್ಟು ತರುವುದು, ಹಬ್ಬಕ್ಕೆ ಕರೆಯುವುದು ಗಡಿಯಾಚೆ ಈಚೆ ನಡೆದೇ ಇದೆ. ವಿಕಾರಾಬಾದಿನ ಹತ್ತಿರದ ಧಾರೂರಿನಲ್ಲಿ ಮೆಥೊಡಿಸ್ಟರು ಸುಮಾರು ನೂರು ವರ್ಷಗಳಿಂದ ನಡೆಸಿಕೊಂಡು ಬಂದ ಜಾತ್ರೆಗೆ ಮೂರೂ ರಾಜ್ಯಗಳ ಜನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ.

ಇಂಥ ಮನೆಯಲ್ಲಿ ಸತ್ಯವೇದ ಯಾವ ಭಾಷೆಯಲ್ಲಿರಬೇಕು? ಅಜ್ಜಿಯದು ಕನ್ನಡ, ಮೊಮ್ಮಗಳ ಶಾಲೆ ಮರಾಠಿ, ಬಜಾರಿನ ಮಾತು ದಖನಿ ಉರ್ದು, ಜಾತ್ರೆಯಿಂದ ಬಂದ ಹಾಡು ತೆಲುಗು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾದದ್ದು 1831ರಲ್ಲಿ. ಮರಾಠಿಯ ಕಡೆಗೆ ನೋಡಿದರೆ ಪಂಡಿತಾ ರಮಾಬಾಯಿ ಎದುರಾಗುತ್ತಾರೆ. 1858ರಲ್ಲಿ ಕರ್ನಾಟಕದ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಆಕೆ ಪುಣೆಯ ಬಳಿಯ ಕೇಡಗಾಂವದಲ್ಲಿ ಅನಾಥ ಹೆಣ್ಣುಮಕ್ಕಳಿಗೆ ಮುಕ್ತಿ ಸದನ ಕಟ್ಟಿದರು. ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಬೈಬಲ್ಲನ್ನು ತಂದರು. ಅದರ ಅಚ್ಚಿನ ಮೊಳೆ ಜೋಡಿಸಿದವರೂ ಅಲ್ಲಿನ ಹೆಂಗಸರೇ. ಕೆಲಸ ಮುಗಿಯುವ ಹೊತ್ತಿಗೆ, 1922ರ ಏಪ್ರಿಲ್‌ನಲ್ಲಿ, ರಮಾಬಾಯಿ ತೀರಿಕೊಂಡರು.

ಅವರ ಬದುಕು ಹೇಳುವ ಪಾಠ ಸರಳ: ಅರ್ಥವಾಗದ ವಾಕ್ಯವನ್ನು ನಡೆಯಲು ಬಾರದು. ಆದ್ದರಿಂದ ಗಡಿಯ ಸಭೆಗಳು ಕನ್ನಡವೋ ಮರಾಠಿಯೋ ಎಂದು ಜಗ್ಗಾಡಬೇಕಾಗಿಲ್ಲ. ಅಳುವಾಗ, ಬೈಯುವಾಗ, ಜೋಗುಳ ಹಾಡುವಾಗ ಯಾವ ಮಾತು ಬಾಯಿಗೆ ಬರುತ್ತದೋ ಪ್ರಾರ್ಥನೆಗೂ ಆ ಮಾತೇ ಬರಲಿ. ಕನ್ನಡ ಓದಲು ಬಾರದ ಮೊಮ್ಮಗಳಿಗೆ ಅಜ್ಜಿ ಕನ್ನಡದಲ್ಲೇ ಕತೆ ಹೇಳಲಿ, ಮೊಮ್ಮಗಳು ಮರಾಠಿ ಪುಸ್ತಕದಲ್ಲಿ ಅದನ್ನು ಹುಡುಕಿ ಓದಲಿ. ಹಾಗೆ ಮಾಡಿದ ಮನೆಯಲ್ಲಿ ಎರಡು ಭಾಷೆಯೂ ಉಳಿಯುತ್ತದೆ.

ವಾರಕ್ಕೊಂದು ಪೆನ್ನಿ

ಬೀದರ್ ಸೀಮೆಯ ಕ್ರೈಸ್ತರಲ್ಲಿ ಮೆಥೊಡಿಸ್ಟರದು ದೊಡ್ಡ ಪಾಲು. 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತದ ಹಲವು ಸಭೆಗಳು ಕೂಡಿ ಒಂದಾದಾಗ ಅಮೆರಿಕನ್ ಮೂಲದ ಈ ಮೆಥೊಡಿಸ್ಟರು ಬೇರೆಯಾಗಿಯೇ ಉಳಿದರು. ಅವರ ಮೂಲಪುರುಷ ಜಾನ್ ವೆಸ್ಲಿ ಇದೇ ಪ್ರಶ್ನೆಗೆ ಹದಿನೆಂಟನೆಯ ಶತಮಾನದಲ್ಲಿ ಒಂದು ಉತ್ತರ ಕಂಡುಕೊಂಡಿದ್ದ. ಅದು ಇಂದಿಗೂ ಬಾಳುವ ಉತ್ತರ.

1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕೂಟದ ಕಟ್ಟಡಕ್ಕಾಗಿ ಮಾಡಿದ ಸಾಲ ತೀರಿಸಬೇಕಿತ್ತು. ಜನರನ್ನು ಹನ್ನೆರಡರ ಲೆಕ್ಕದಲ್ಲಿ ಗುಂಪು ಮಾಡಿ, ಗುಂಪಿಗೊಬ್ಬ ಮುಂದಾಳು ವಾರವಾರ ತಲೆಗೊಂದು ಪೆನ್ನಿ ಕೂಡಿಸಬೇಕೆಂಬ ಸಲಹೆ ಬಂತು. ಬಡವರು ಕೊಡಲಾರರಲ್ಲ ಎಂದಾಗ, ಸಲಹೆ ಕೊಟ್ಟವನೇ ಹನ್ನೊಂದು ಕಡುಬಡವರನ್ನು ತನ್ನ ಗುಂಪಿಗೆ ಹಾಕಿರಿ, ಅವರ ಪಾಲನ್ನೂ ತಾನೇ ತುಂಬುವೆ ಎಂದ. ಪೆನ್ನಿಗಾಗಿ ಮನೆಮನೆಗೆ ಹೋದ ಮುಂದಾಳುಗಳಿಗೆ ಯಾರ ಮನೆಯಲ್ಲಿ ಕುಡಿತ, ಯಾರ ಮನೆಯಲ್ಲಿ ಜಗಳ, ಯಾರಿಗೆ ಜ್ವರ ಎಂಬುದು ಕಣ್ಣಿಗೆ ಬಿತ್ತು. ಸಾಲ ತೀರಿಸುವ ಉಪಾಯ ಹೀಗೆ ಪರಸ್ಪರ ಕಾಯುವ ಕ್ರಮವಾಯಿತು. ಅದನ್ನು ಕ್ಲಾಸ್ ಕೂಟ ಎಂದು ಕರೆದರು. ಮರುವರ್ಷ ವೆಸ್ಲಿ ಬರೆದ ನಿಯಮಗಳ ತಿರುಳು ಮೂರು: ಕೆಡುಕು ಮಾಡಬೇಡ, ಒಳಿತು ಮಾಡು, ಆರಾಧನೆ ಬಿಡಬೇಡ. ಕೆಡುಕು ಯಾವುದು ಎಂಬ ಪಟ್ಟಿಯಲ್ಲಿ ಅನ್ಯಾಯದ ಬಡ್ಡಿ ಇದೆ, ಸುಂಕ ತಪ್ಪಿಸಿದ ಮಾಲು ಕೊಳ್ಳುವುದು ಇದೆ, ತೀರಿಸುವ ದಾರಿ ಕಾಣದೆ ಸಾಲ ಮಾಡುವುದೂ ಇದೆ. ನಂಬಿಕೆಯನ್ನು ಇಷ್ಟು ಕೆಳಗೆ, ಅಂಗಡಿಯ ಕಟ್ಟೆಯವರೆಗೆ ಇಳಿಸಿದ್ದೇ ಆ ಚಳವಳಿಯ ಬಲ.

ವಾಕ್ಯವನ್ನು ಒಬ್ಬೊಬ್ಬರೇ ಹೊತ್ತು ನಡೆಯಲಾರರು, ಹನ್ನೆರಡು ಜನ ಕೂಡಿದರೆ ಹೊರಬಹುದು ಎಂಬುದು ಈ ಲೇಖನದ ನಿಲುವು. ಮುಂದಿನ ಒಂದೊಂದು ಸಂಗತಿಯೂ ಅದನ್ನೇ ತೋರಿಸುತ್ತದೆ.

ಹಕ್ಕಲು ಮತ್ತು ಕೂಲಿ

ಜೋಳ, ತೊಗರಿ, ಕಡಲೆ, ಈಗ ಸೋಯಾಬೀನ್: ಮರಾಠವಾಡದ ಗಡಿಯ ಬೆಳೆಗಳು ಇವು. ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆ ಆಯುವುದಕ್ಕೆ ಕನ್ನಡದಲ್ಲಿ ಹಕ್ಕಲಾಯುವುದು ಎನ್ನುತ್ತೇವೆ. ರೂತಳ ಕತೆ ಓದುವ ಕನ್ನಡ ಹೆಂಗಸಿಗೆ ಟಿಪ್ಪಣಿ ಬೇಕಿಲ್ಲ. ಬೆತ್ಲೆಹೇಮಿನಲ್ಲಿ ಬರ ಬಿದ್ದು ಒಂದು ಮನೆತನ ಗಡಿ ದಾಟಿ ಮೋವಾಬಿಗೆ ಹೋಯಿತು. ಗಂಡಸರೆಲ್ಲ ಅಲ್ಲೇ ತೀರಿಕೊಂಡರು. ಅತ್ತೆಯ ಬೆನ್ನು ಹತ್ತಿ ಮೋವಾಬಿನ ಸೊಸೆ ಪರನಾಡಿಗೆ ಬಂದು, ಜವೆಗೋಧಿಯ ಸುಗ್ಗಿಯಲ್ಲಿ ಹಕ್ಕಲಾಯ್ದಳು. ಹೊಲದೊಡೆಯ ಬೋವಜ ಆಕೆಯನ್ನು ಬೈಯಬೇಡಿರಿ, ಬೇಕೆಂದೇ ಕೆಲವು ತೆನೆ ಉದುರಿಸಿರಿ ಎಂದು ಆಳುಗಳಿಗೆ ಹೇಳಿಟ್ಟ. ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವರಿಗೂ ಪರದೇಶಿಗೂ ಬಿಡಬೇಕೆಂಬ ಕಟ್ಟಳೆ ಯಾಜಕಕಾಂಡದಲ್ಲಿ ಮೊದಲೇ ಇತ್ತು. ಬೋವಜ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ.

ಯಂತ್ರ ಬಂದು ರಾಶಿ ಮಾಡುವ ಈ ಕಾಲದಲ್ಲಿ ಹಕ್ಕಲು ಕಡಿಮೆಯಾಗಿದೆ. ಆದರೆ ಕಟ್ಟಳೆಯ ಜೀವ ಎಲ್ಲಿದೆ ಎಂದು ಕೇಳಿಕೊಂಡರೆ ಉತ್ತರ ಕೂಲಿಯಲ್ಲಿ ಸಿಗುತ್ತದೆ. ದಿನಗೂಲಿಯನ್ನು ಹೊತ್ತು ಮುಳುಗುವ ಮೊದಲು ಕೊಡಬೇಕೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ಬಡವನ ಜೀವ ಅದರ ಮೇಲೆ ನಿಂತಿರುತ್ತದೆ ಎಂಬುದೇ ಕಾರಣ. ಎರಡು ಬಗೆಯ ತೂಕದ ಕಲ್ಲು ಚೀಲದಲ್ಲಿ ಇರಬಾರದೆಂದೂ ಅದೇ ಗ್ರಂಥ ಹೇಳುತ್ತದೆ. ಉದಗೀರದ ಅಡತಿಯಲ್ಲಿ ತೊಗರಿ ತೂಗಿಸಿದ ಯಾವ ರೈತನಿಗೂ ಇದು ತಿಳಿಯದ ಮಾತಲ್ಲ. ದ್ರಾಕ್ಷಿತೋಟದ ಸಾಮ್ಯದಲ್ಲಿ ಸಂಜೆ ಐದಕ್ಕೆ ಬಂದವನಿಗೂ ಪೂರ್ತಿ ದಿನದ ಕೂಲಿ ಸಿಕ್ಕಿತು. ಬೆಳಗಿನಿಂದ ಕೂಲಿಕಟ್ಟೆಯಲ್ಲಿ ಕಾದು ಯಾರೂ ಕರೆಯದೆ ಉಳಿದವನ ಮನೆಯಲ್ಲೂ ಮಕ್ಕಳು ಅಷ್ಟೇ ಹಸಿದಿರುತ್ತಾರೆ ಎಂಬ ಲೆಕ್ಕ ಅದರೊಳಗಿದೆ.

ಸುಗ್ಗಿ ಹಬ್ಬದ ದಿನ ಸಭೆಗಳಲ್ಲಿ ಮೊದಲ ಫಲ ತಂದಿಟ್ಟು ಹರಾಜು ಮಾಡುವುದುಂಟು. ಮಿಜೋರಾಮಿನ ಕ್ರೈಸ್ತ ಹೆಂಗಸರು ಶತಮಾನದಿಂದ ಪ್ರತಿ ಊಟದ ಅಕ್ಕಿಯಲ್ಲಿ ಒಂದು ಹಿಡಿ ತೆಗೆದಿಟ್ಟು ತಮ್ಮ ಸಭೆಯನ್ನು ನಡೆಸಿದ್ದಾರೆ. ನಮ್ಮ ಕಡೆ ಅಕ್ಕಿಯ ಬದಲು ಜೋಳದ ಹಿಟ್ಟು ಎಂದಿಟ್ಟುಕೊಳ್ಳಿ. ಒಂದು ಹಿಡಿ ಒಂದು ಮನೆಗೆ ಭಾರವಲ್ಲ. ಹನ್ನೆರಡು ಮನೆಯ ಹಿಡಿ ಕೂಡಿದರೆ ಒಬ್ಬ ವಿಧವೆಯ ಒಲೆ ವಾರಪೂರ್ತಿ ಉರಿಯುತ್ತದೆ.

ಸಾಲ

ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ನಾವು ತಪ್ಪುಗಳ ಕ್ಷಮೆ ಕೇಳುತ್ತೇವೆ. ಮತ್ತಾಯನ ಸುವಾರ್ತೆಯ ಗ್ರೀಕ್ ಮಾತಿನ ನೇರ ಅರ್ಥ ಸಾಲ ಎಂದು. ಮರಾಠವಾಡದಲ್ಲಿ ಆ ಅರ್ಥ ಎದೆಗೆ ನಾಟುತ್ತದೆ. ಬರ, ಬಿದ್ದ ಬೆಲೆ, ಮಗಳ ಮದುವೆ, ಆಸ್ಪತ್ರೆ: ಸಾಲ ಬಂದು ನಿಲ್ಲುವ ಬಾಗಿಲುಗಳು ಇವು. ಸಾಲದ ಭಾರಕ್ಕೆ ಜೀವ ಬಿಟ್ಟ ರೈತರ ಮನೆಗಳು ಈ ಸೀಮೆಯಲ್ಲಿ ಬಹಳ. ದೀಪಾವಳಿ ಹೊತ್ತಿಗೆ ಕೂಲಿಗಾರರನ್ನು ಗೊತ್ತುಮಾಡುವ ಮುಕಾದಮನಿಂದ ಮುಂಗಡ ಪಡೆದು ಗಂಡಹೆಂಡತಿ ಜೋಡಿಯಾಗಿ ಕಬ್ಬು ಕಡಿಯಲು ಪಶ್ಚಿಮ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಹೊರಡುತ್ತಾರೆ. ಆ ಮುಂಗಡ ಮುರಿಯಲು ಅರ್ಧ ವರ್ಷ ಬೇಕು.

ಇಲ್ಲಿ ಒಂಟಿ ಮನುಷ್ಯನಿಗೆ ನಂಬು, ಚಿಂತಿಸಬೇಡ ಎಂದಷ್ಟೇ ಹೇಳುವ ಬೋಧನೆ ಸಾಲದು. ನೆಹೆಮೀಯನ ಪುಸ್ತಕದ ಐದನೆಯ ಅಧ್ಯಾಯ ತೆರೆಯಿರಿ. ಬರಗಾಲದಲ್ಲಿ ಕಾಳಿಗಾಗಿ ಹೊಲ, ಮನೆ, ಕೊನೆಗೆ ಮಕ್ಕಳನ್ನೂ ಒತ್ತೆಯಿಟ್ಟವರ ಗೋಳು ಕೇಳಿ ಅವನು ಸಿಟ್ಟಾದ. ಬಡ್ಡಿ ತಿನ್ನುವ ಮುಖಂಡರ ವಿರುದ್ಧ ದೊಡ್ಡ ಸಭೆ ಸೇರಿಸಿದ. ಒತ್ತೆ ಬಿಡಿಸಿ ಕೊಡುತ್ತೇವೆಂದು ಎಲ್ಲರೆದುರು ಆಣೆ ಮಾಡಿಸಿದ. ಸಾಲ ಖಾಸಗಿ ನಾಚಿಕೆಯಾಗಿ ಉಳಿಯದೆ ಸಭೆಯ ಮಾತಾದ ದಿನ ಪರಿಹಾರ ಸಿಕ್ಕಿತು. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಹೆಂಗಸರ ಬಚತ್ ಗಟ್‌ಗಳು, ಅಂದರೆ ಉಳಿತಾಯದ ಗುಂಪುಗಳು, ಮಾಡುತ್ತಿರುವುದೂ ಇದನ್ನೇ. ಸಭೆಯ ಹೆಂಗಸರು ಅಕ್ಕಪಕ್ಕದ ಬೌದ್ಧ, ಮುಸ್ಲಿಂ, ಲಿಂಗಾಯತ, ಮರಾಠಾ ಹೆಂಗಸರೊಂದಿಗೆ ಅದೇ ಗುಂಪಿನಲ್ಲಿ ಕೂತರೆ ಅದೂ ವಾಕ್ಯದಂತೆ ನಡೆದದ್ದೇ.

ನೀರು, ಮತ್ತು ಕೂರುವ ಜಾಗ

2016ರ ಏಪ್ರಿಲ್ 12ರಂದು ಮಿರಜದಿಂದ ಹೊರಟ ನೀರಿನ ರೈಲು ಲಾತೂರಿಗೆ ಬಂತು. ಹತ್ತು ವ್ಯಾಗನ್ನುಗಳಲ್ಲಿ ಸುಮಾರು 5 ಲಕ್ಷ ಲೀಟರ್ ನೀರು. ನೀರು ಹಂಚುವುದೆಂದರೆ ಏನೆಂದು ಆ ಬೇಸಿಗೆ ಎಲ್ಲರಿಗೂ ಕಲಿಸಿತು. ಆದರೆ ಕೆಲವರಿಗೆ ಆ ಪಾಠ ತಲೆತಲಾಂತರದ್ದು. ಊರ ಬಾವಿಯ ಹಗ್ಗ ಮುಟ್ಟದೆ, ಬೊಗಸೆಯೊಡ್ಡಿ, ಮೇಲಿನಿಂದ ಸುರಿದ ನೀರು ಕುಡಿದವರ ಮಕ್ಕಳು ಮೊಮ್ಮಕ್ಕಳೇ ಇಲ್ಲಿನ ಸಭೆಗಳಲ್ಲಿ ಹೆಚ್ಚು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರನ್ನು ಅಂಬೇಡ್ಕರ್ ಮುಟ್ಟಿದ್ದು ಇಡೀ ಮಹಾರಾಷ್ಟ್ರದ ನೆನಪಿನಲ್ಲಿದೆ.

ಯೋಹಾನನ ಸುವಾರ್ತೆಯಲ್ಲಿ ಸಮಾರ್ಯದ ಬಾವಿಯ ಬಳಿ ಯೇಸು ಮಾಡಿದ್ದನ್ನು ಈ ನೆನಪಿನ ಜೊತೆಗಿಟ್ಟು ಓದಬೇಕು. ಮೇಲಿನವನೆನಿಸಿಕೊಂಡವನು ಅಲ್ಲಿ ನೀರು ಹಾಕುವವನಾಗಲಿಲ್ಲ, ಬೇಡುವವನಾದ. ತನ್ನ ಜನ ಮುಟ್ಟದ ಹೆಂಗಸಿನ ಕೊಡದಿಂದ ಕುಡಿಯಲು ಕೇಳಿದ. ಸಮಾನತೆ ಎಂದರೆ ಕೊಡುವುದಷ್ಟೇ ಅಲ್ಲ, ಅವರ ಕೈಯಿಂದ ಇಸಿದುಕೊಳ್ಳುವುದೂ ಹೌದು ಎಂದು ಈ ಕತೆ ಹೇಳುತ್ತದೆ.

ಇಲ್ಲಿ ಸಭೆಯು ತನ್ನ ಕಡೆಗೂ ನೋಡಿಕೊಳ್ಳಬೇಕು. ಚಿನ್ನದುಂಗುರದವನಿಗೆ ಒಳ್ಳೆಯ ಪೀಠ, ಬಡವನಿಗೆ ಕಾಲಬುಡ ತೋರಿಸುವುದನ್ನು ಯಾಕೋಬನ ಪತ್ರಿಕೆ ಕಟುವಾಗಿ ಖಂಡಿಸುತ್ತದೆ. ದಖ್ಖನ್ನಿನ ಸಭೆಗಳಲ್ಲಿ ಒಂದೇ ಪಾತ್ರೆಯ ಕರ್ತನ ಭೋಜನ ನಡೆಯುತ್ತದೆ, ಮದುವೆಯ ಮಾತು ಬಂದಾಗ ಮಾತ್ರ ಹಳೆಯ ಬಲಗೈ ಎಡಗೈ ಗೆರೆಗಳು ಮತ್ತೆ ಎದ್ದು ನಿಲ್ಲುತ್ತವೆ. ದೀಕ್ಷಾಸ್ನಾನದ ನೀರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಮರಾಠಿ ದಲಿತ ಕ್ರೈಸ್ತ ಹಿನ್ನೆಲೆಯ ಅರವಿಂದ ನಿರ್ಮಲ್ 1980ರ ದಶಕದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಿಂದ ಎತ್ತಿದ ದನಿ ಇದನ್ನೇ ಕೇಳಿತು: ನೋವುಂಡವರ ಅನುಭವದಿಂದ ದೇವರ ವಿಚಾರ ಶುರುವಾಗಬೇಕು. ದಲಿತ ದೇವಶಾಸ್ತ್ರ ಬೆಳೆದದ್ದು ಅಲ್ಲಿಂದ.

ಹೊರಗಿನ ಅನ್ಯಾಯವೂ ಇದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ದಕ್ಕಿತು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗುಳಿದಿದ್ದಾರೆ. ಈ ವಿಷಯದ ಪರಿಶೀಲನೆಗೆ ಕೇಂದ್ರ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು. ಮಗನ ಹಾಸ್ಟೆಲ್, ವಿದ್ಯಾರ್ಥಿವೇತನ ಒಂದು ಕಡೆ, ನಂಬಿಕೆಯನ್ನು ಬಾಯಿಬಿಟ್ಟು ಹೇಳುವುದು ಇನ್ನೊಂದು ಕಡೆ. ಈ ಇಕ್ಕಟ್ಟಿನಲ್ಲಿರುವ ತಾಯಿಯನ್ನು ಸುಳ್ಳಿನವಳೆಂದು ಯಾರೂ ಜರಿಯಬಾರದು. ಆಕೆಯ ಪಕ್ಕ ನಿಂತು ಹಕ್ಕು ಕೇಳುವುದು ಸಭೆಯ ಕೆಲಸ.

ನಸುಕಿನಲ್ಲಿ ಬಿದ್ದ ಗೋಡೆ

1993ರ ಸೆಪ್ಟೆಂಬರ್ 30ರ ನಸುಕು, ನಾಲ್ಕು ಗಂಟೆಗೆ ಕೆಲವೇ ನಿಮಿಷ ಮೊದಲು, ಲಾತೂರ್ ಜಿಲ್ಲೆಯ ಕಿಲ್ಲಾರಿ, ಆಗ ಉಮರ್ಗಾ ತಾಲ್ಲೂಕಿಗೆ ಸೇರಿದ್ದ ಸಾಸ್ತೂರ್ ಮತ್ತು ಸುತ್ತಣ ಹಳ್ಳಿಗಳು ಭೂಕಂಪಕ್ಕೆ ನೆಲಸಮವಾದವು. ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಸುಮಾರು 8,000ದಿಂದ 10,000 ಜನ ಸತ್ತರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮಾಳಿಗೆಯ ಮೇಲೆ ಹೊರಿಸಿದ ಮಣ್ಣಿನ ಹೊರೆ, ಮಲಗಿದವರ ಮೇಲೆ ಕುಸಿದವು.

ಇಂಥ ಹೊತ್ತಿನಲ್ಲಿ ಯಾರ ಪಾಪದಿಂದ ಹೀಗಾಯಿತು ಎಂಬ ಪ್ರಶ್ನೆ ಏಳುತ್ತದೆ. ಧರ್ಮದ ಹೆಸರಿನಲ್ಲಿ ಅದಕ್ಕೆ ಉತ್ತರ ಕೊಡುವವರೂ ಹುಟ್ಟುತ್ತಾರೆ. ಲೂಕನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಯೇಸು ಇದೇ ಬಗೆಯ ಒಂದು ಸುದ್ದಿ ಎತ್ತಿದ. ಸಿಲೋವದ ಬುರುಜು ಬಿದ್ದು 18 ಜನ ಸತ್ತಿದ್ದರು. ಅವರು ಉಳಿದವರಿಗಿಂತ ದೊಡ್ಡ ಪಾಪಿಗಳೇ ಎಂದು ಕೇಳಿ, ಅಲ್ಲವೆಂದು ಖಂಡಿತವಾಗಿ ಹೇಳಿ, ಮಾತನ್ನು ಬದುಕಿದ್ದವರ ಕಡೆಗೆ ತಿರುಗಿಸಿದ. ಸತ್ತವರ ಲೆಕ್ಕ ಬಿಡಿ, ನೀವು ತಿರುಗಿಕೊಳ್ಳಿ ಎಂಬುದು ಅದರ ತಾತ್ಪರ್ಯ. ಕಿಲ್ಲಾರಿಯ ನೆಲದಲ್ಲಿ ಈ ಅಧ್ಯಾಯಕ್ಕಿಂತ ಬೇಕಾದ ಬೋಧನೆ ಇನ್ನೊಂದಿಲ್ಲ.

ತಿರುಗಿಕೊಳ್ಳುವುದು ಎಂದರೇನು ಎಂಬುದನ್ನು ಅನಂತರದ ವರ್ಷಗಳು ತೋರಿಸಿದವು. ಮನೆಗಳ ದುರಸ್ತಿಯ ಕಾಲಕ್ಕೆ ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ ಹೆಂಗಸರು ಸಂವಾದ ಸಹಾಯಕಿಯರಾಗಿ ಮನೆಮನೆಗೆ ಹೋದರು. ಗೋಡೆಯನ್ನು ಕಂಪನಕ್ಕೆ ತಾಳುವಂತೆ ಹೇಗೆ ಬಿಗಿಯಬೇಕೆಂದು ಹೇಳಿಕೊಟ್ಟರು. ಬಂಡೆಯ ಮೇಲೆ ಮನೆ ಕಟ್ಟಿದ ಬುದ್ಧಿವಂತನ ಸಾಮ್ಯವನ್ನು ನಾವು ಭಾನುವಾರ ಶಾಲೆಯಲ್ಲಿ ಕಲಿಸುತ್ತೇವೆ. ಕೇಳಿ ನಡೆದವನು, ಕೇಳಿಯೂ ನಡೆಯದವನು ಎಂಬ ಭೇದ ಅದರ ತಿರುಳು. ಆ ಹೆಂಗಸರು ಯಾವ ಧರ್ಮದವರೇ ಆಗಿರಲಿ, ಸಾಮ್ಯದ ಮಾತನ್ನು ಕೈಯಲ್ಲಿ ಮಾಡಿ ತೋರಿಸಿದರು.

ಬೇನೆ, ಎಣ್ಣೆ, ಎರಡು ನಾಣ್ಯ

ಬೀದರಿನ ಮೆಥೊಡಿಸ್ಟ್ ಮಿಷನ್ ಆಸ್ಪತ್ರೆಯನ್ನು ಗಡಿಯ ಎರಡೂ ಕಡೆಯವರು ಬಲ್ಲರು. 1894ರಲ್ಲಿ ಮಿರಜದಲ್ಲಿ ವಿಲಿಯಂ ವಾನ್‌ಲೆಸ್ ತೆರೆದ ಆಸ್ಪತ್ರೆ ಆ ಊರನ್ನೇ ವೈದ್ಯಕೀಯಕ್ಕೆ ಹೆಸರಾಗಿಸಿತು. ಒಳ್ಳೆಯ ಸಮಾರ್ಯದವನು ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹೊಯ್ದು ಕಟ್ಟಿ, ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚಾದರೆ ಬಂದು ಕೊಡುವೆನೆಂದ. ಆ ಕತೆಯಲ್ಲಿ ಕನಿಕರವಿದೆ, ಔಷಧವಿದೆ, ಬಿಲ್ಲಿನ ಹೊಣೆಯೂ ಇದೆ.

ಇತ್ತೀಚೆಗೆ ಬೇರೊಂದು ಬೋಧನೆ ಜೋರಾಗಿದೆ: ನಂಬಿಕೆ ಗಟ್ಟಿಯಿದ್ದರೆ ರೋಗವಿಲ್ಲ, ಕಾಣಿಕೆ ಹಾಕಿದರೆ ಹತ್ತು ಪಟ್ಟು ಮರಳುತ್ತದೆ ಎಂದು. ಪ್ರಾರ್ಥನೆಯಲ್ಲಿ ಸಿಗುವ ನೆಮ್ಮದಿಯನ್ನು ನಾನು ಕಡೆಗಣಿಸಲಾರೆ. ಡಾಕ್ಟರರ ಬಾಗಿಲು ಮುಚ್ಚಿದ ಬಡವನಿಗೆ ಕೂಟದ ಬಾಗಿಲು ತೆರೆದಿರುತ್ತದೆ ಎಂಬುದೂ ನಿಜ. ಆದರೆ ಯೋಬನ ಪುಸ್ತಕವಿರುವ ಗ್ರಂಥವನ್ನು ಓದುವವರು ಕಷ್ಟವನ್ನು ನಂಬಿಕೆಯ ಕೊರತೆಯೆಂದು ಹೇಳಬಾರದು. ಕಷ್ಟದಲ್ಲಿದ್ದವನಿಗೆ ಹಾಗೆ ಹೇಳಿದ ಗೆಳೆಯರ ಮೇಲೆ ದೇವರು ಸಿಟ್ಟಾದನೆಂದು ಆ ಪುಸ್ತಕವೇ ಹೇಳುತ್ತದೆ. ಸಕ್ಕರೆ ಕಾಯಿಲೆಯ, ಕ್ಷಯದ ಗುಳಿಗೆ ನಿಲ್ಲಿಸಿರೆಂದು ಹೇಳುವ ಬೋಧಕನ ಮಾತನ್ನು ಯಾರೂ ಕೇಳಬಾರದು. ರೋಗಿಗಾಗಿ ಸಭೆಯ ಹಿರಿಯರನ್ನು ಕರೆಸಿರೆಂದು ಯಾಕೋಬನು ಬರೆದ. ಪ್ರಾರ್ಥಿಸಿದ ಹಿರಿಯರಲ್ಲಿ ಒಬ್ಬ ರೋಗಿಯನ್ನು ಆಸ್ಪತ್ರೆಗೆ ಒಯ್ಯಲಿ, ಇನ್ನೊಬ್ಬ ಅವನ ಎತ್ತಿಗೆ ಮೇವು ಹಾಕಲಿ.

ಒಟ್ಟು ನೋಡಿದಾಗ

ವಾಕ್ಯವನ್ನು ನಡೆಯಾಗಿಸುವ ದಾರಿಯ ಬಗ್ಗೆ ನಾಲ್ಕು ನಿಲುವುಗಳಿವೆ. ಓದು, ಪ್ರಾರ್ಥನೆ ಸಾಕು ಎನ್ನುವವರು ಮನಸ್ಸನ್ನು ಕಾಯುತ್ತಾರೆ, ಕೂಲಿಯ ಲೆಕ್ಕ ಮರೆಯುತ್ತಾರೆ. ಸೇವೆಯೇ ಎಲ್ಲ ಎನ್ನುವವರು ಆಸ್ಪತ್ರೆ, ಶಾಲೆ ಕಟ್ಟಿದರು. ಸೇವೆ ಸಂಸ್ಥೆಯ ಪಾಲಾದಾಗ ಸಾಮಾನ್ಯ ಸಭಿಕ ಕೈಕಟ್ಟಿ ಕೂತ. ನ್ಯಾಯವೇ ಮುಖ್ಯ ಎನ್ನುವವರು ಸತ್ಯ ಹೇಳಿದರು, ಆದರೆ ಆ ವಿಚಾರ ಕಾಲೇಜಿನಿಂದ ನಿಲಂಗಾದ ಹಳ್ಳಿಗೆ ಇನ್ನೂ ಸರಿಯಾಗಿ ಇಳಿದಿಲ್ಲ. ಪವಾಡ ಕಾಯುವವರಿಗೆ ಆಸೆ ಸಿಕ್ಕಿತು, ಕೆಲವರಿಗೆ ಮೋಸವೂ ಸಿಕ್ಕಿತು. ಬೋವಜನ ಆಳುಗಳು, ನೆಹೆಮೀಯನ ಸಭೆ, ಕೇಡಗಾಂವದಲ್ಲಿ ಮೊಳೆ ಜೋಡಿಸಿದ ಹೆಂಗಸರು, ಹಿಡಿ ಅಕ್ಕಿ ಕೂಡಿಸಿದವರು, ಗೋಡೆ ಬಿಗಿಸಿದ ಸಹಾಯಕಿಯರು, ಬ್ರಿಸ್ಟಲ್ಲಿನ ಹನ್ನೆರಡು ಜನ: ಕೆಲಸ ನಿಜವಾಗಿ ಆದಲ್ಲೆಲ್ಲ ಪರಸ್ಪರ ಮುಖ ಬಲ್ಲ ಒಂದು ಗುಂಪು ಇತ್ತು.

ಆದ್ದರಿಂದ ಗಡಿಯ ಸಭೆಗಳಲ್ಲಿ ನನ್ನದೊಂದು ಬೇಡಿಕೆ. ಹೊಸ ಕಟ್ಟಡ, ಹೊಸ ಧ್ವನಿವರ್ಧಕಕ್ಕಿಂತ ಮೊದಲು ಹನ್ನೆರಡು ಮನೆಗಳ ಹಳೆಯ ಕ್ಲಾಸ್ ಕೂಟವನ್ನು ಮತ್ತೆ ಎಬ್ಬಿಸಿ. ವಾರಕ್ಕೊಂದು ಸಂಜೆ, ಕನ್ನಡವೋ ಮರಾಠಿಯೋ ನಿಮ್ಮ ಮನೆಮಾತಿನಲ್ಲಿ, ಒಂದು ಅಧ್ಯಾಯ ಓದಿ. ಆಮೇಲೆ ಒಬ್ಬರನ್ನೊಬ್ಬರು ನಾಲ್ಕು ಪ್ರಶ್ನೆ ಕೇಳಿ. ಆಳಿಗೆ ಕೂಲಿ ಕೊಟ್ಟೆಯಾ? ಸಾಲ ಎಷ್ಟಿದೆ? ಈ ವಾರ ಯಾರ ಕೈಯಿಂದ ನೀರು ಕುಡಿದೆ? ಯಾರು ಬೇನೆಬಿದ್ದಿದ್ದಾರೆ, ಯಾರು ಹೋಗಿ ನೋಡಿ ಬರುತ್ತೀರಿ? ಉತ್ತರ ಸಿಕ್ಕ ಮೇಲೆ ಪ್ರಾರ್ಥನೆ ಮಾಡಿ, ಬೆಳಗಾದ ಮೇಲೆ ಆ ಮನೆಗೆ ಹೋಗಿ.